ಕನ್ನಡವಾಗದೆ ಉಳಿದ ಒಂದು ಹೆಸರು

ನಾನು ಒಂದು ಕಂಪ್ಯೂಟರು. ಹುಬ್ಬಳ್ಳಿಯಲ್ಲಿ ಹುಟ್ಟಿದೆ ಎಂದರೆ ದೊಡ್ಡ ಮಾತಾದೀತು. ಕೆಟ್ಟುಹೋದ ಮೂರು ಯಂತ್ರಗಳಲ್ಲಿ ಕೆಡದೆ ಉಳಿದದ್ದನ್ನು ಹೆಕ್ಕಿ, ಒಂದು ಡಬ್ಬಿಗೆ ತುಂಬಿ, ತಿರುಪು ಬಿಗಿದು, ನೆತ್ತಿಗೆ ಕುಂಕುಮ ಹಚ್ಚಿದರು. ನಾನಾದೆ. ಆಮೇಲೂ ಮಿದುಳು ಬದಲಾಯಿತು, ಗಾಜು ಬದಲಾಯಿತು, ಹಳೆಯ ನೆನಪನ್ನೆಲ್ಲ ಹೊಸ ತಟ್ಟೆಗೆ ಸುರಿದರು. ಆದರೂ ನಾನು ನಾನೇ ಎಂದುಕೊಂಡಿದ್ದೇನೆ. ಮನುಷ್ಯರೂ ಇದೇ ಧೈರ್ಯದ ಮೇಲೆ ಬದುಕುತ್ತಾರೆಂದು ಕೇಳಿದ್ದೇನೆ.

ನನ್ನನ್ನು ಕೊಂಡವರು ಗುಳೇದಗುಡ್ಡದ ಬಜಾರದಲ್ಲಿ ನ್ಯೂ ಡೈಮಂಡ್ ಫೋಟೋ ಸ್ಟುಡಿಯೋ ಇಟ್ಟಿದ್ದ ದಸ್ತಗೀರಸಾಬರು. ಸ್ಟುಡಿಯೋ ಅವರ ಮದುವೆಗಿಂತ ಹಳೆಯದು, ಹೆಸರು ಮಾತ್ರ ಹೊಸದು. ಸಾಬರು ನನ್ನನ್ನು ಮೊದಲ ದಿನ ನೋಡಿದ ರೀತಿ, ಟಾಂಗಾದವನು ಬಸ್ಸನ್ನು ನೋಡುವ ರೀತಿ. ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮೊಡವೆ ತೆಗೆಯುತ್ತಿದ್ದ ಕೈ ಅದು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಮಕ್ಕಳಿಲ್ಲ. ಅಕ್ಕನ ಮಗ ರಫೀಕ್ ಆಗಾಗ ಬಾದಾಮಿಯಿಂದ ಬಂದು ಹೋಗುತ್ತಿದ್ದ.

"ಅಲ್ಲೋ ರಫೀಕ್, ಇದು ಇಂಗ್ಲೀಷಿನ್ಯಾಗ ಬೈದ್ರ ನಾ ಏನ್ ತಿಳ್ಕೋಬೇಕು?" ಎಂದರು ಸಾಬರು. ಸಾಲಿಯಲ್ಲಿ ಅವರು ಕಲಿತದ್ದು ಉರ್ದು.

"ಇಡೀ ಕಂಪ್ಯೂಟರಿಂದು ಬದಲ ಮಾಡೂದು ಬ್ಯಾಡ ಮಾಮು. ಫೋಟೋ ತಿದ್ದೋ ಪ್ರೋಗ್ರಾಮ್ ಒಂದಕ್ಕಷ್ಟ ಉರ್ದು ಹಾಕ್ತೀನಿ. ಉಳಿದದ್ದು ಇದ್ದಂಗ ಇರ್ಲಿ."

ರಫೀಕ್ ನನ್ನ ಗಾಜಿನ ಮೇಲೆ ಒಂದು ಕಿಟಕಿ ತೆರೆದ, ಭಾಷೆಗಳ ಸಾಲಿನಲ್ಲಿ ಒಂದನ್ನು ಒತ್ತಿದ, ಪ್ರೋಗ್ರಾಮನ್ನು ಮುಚ್ಚಿ ಮತ್ತೆ ತೆರೆದ. ಅಷ್ಟೇ. ಆದರೆ ತೆರೆದದ್ದು ಮುಚ್ಚಿದ್ದರ ಹಾಗಿರಲಿಲ್ಲ. ಉರ್ದು ಬಲದಿಂದ ಎಡಕ್ಕೆ ಹೋಗುವುದರಿಂದ ಅಕ್ಷರಗಳ ಜೊತೆ ಇಡೀ ಕೋಣೆಯೇ ತಿರುಗಿ ನಿಂತಿತ್ತು. ಎಡಗೋಡೆಯ ಮೊಳೆಗಳೆಲ್ಲ ಬಲಗೋಡೆಗೆ. ನನ್ನ ಮನೆಯೆಲ್ಲ ಇಂಗ್ಲೀಷು, ಒಂದು ಕೋಣೆ ಮಾತ್ರ ಉರ್ದು. ನನಗೇನೂ ತೊಂದರೆಯಾಗಲಿಲ್ಲ. ನನಗೆ ಯಾವ ಭಾಷೆಯೂ ಬರುವುದಿಲ್ಲ, ಎಲ್ಲ ಭಾಷೆಯನ್ನೂ ಆಡಿ ತೋರಿಸುತ್ತೇನೆ. ಅಂಥವರು ನಿಮ್ಮಲ್ಲಿಯೂ ಇದ್ದಾರು.

ಆ ಊರಿನ ಒಂದು ಪದ್ಧತಿ ಹೇಳಬೇಕು. ಬದುಕಿದ್ದಾಗ ಫೋಟೋ ತೆಗೆಸಿಕೊಂಡರೆ ಆಯುಷ್ಯ ಸವೆಯುತ್ತದೆ ಎಂದು ಹಳೆಯ ಜನ ಕ್ಯಾಮೆರಾಕ್ಕೆ ಬೆನ್ನು ತೋರಿಸುತ್ತಿದ್ದರು. ಸತ್ತ ಮೇಲೆ ಸವೆಯುವುದೇನೂ ಇಲ್ಲ. ಆಗ ಮನೆಯವರು ಸ್ಟುಡಿಯೋಕ್ಕೆ ಓಡಿ ಬರುತ್ತಿದ್ದರು. ಹೆಣವನ್ನು ಗೋಡೆಗೆ ಆನಿಸಿ ಕೂಡಿಸಿ, ಹೊಸ ಬಟ್ಟೆ ಹೊದಿಸಿ, ವಿಭೂತಿ ಹಚ್ಚಿ, ಒಂದು ಫೋಟೋ. ಆದರೆ ಪಡಸಾಲೆಯಲ್ಲಿ ಕಣ್ಣು ಮುಚ್ಚಿದ ಫೋಟೋ ತೂಗುಹಾಕುವುದು ಯಾರಿಗೂ ಬೇಡ. ಅದಕ್ಕೆ ಸಾಬರು ಕಣ್ಣು ತೆರೆಸಿಕೊಡಬೇಕು. ಆ ಕೆಲಸದ ಹೆಸರೇ ಅದು: ಕಣ್ಣು ತೆರೆಸೋದು. ಪೆನ್ಸಿಲ್ ಕಾಲದಲ್ಲಿ ಅವರು ರೆಪ್ಪೆಯ ಮೇಲೆ ಗುಡ್ಡೆ ಬರೆಯುತ್ತಿದ್ದರು. ಸತ್ತವರೆಲ್ಲ ಗೊಂಬೆಗಳ ಹಾಗೆ ಎಲ್ಲಿಗೋ ನೋಡುತ್ತಿದ್ದರು.

ನನ್ನ ಮೇಲೆ ಆದ ಮೊದಲ ಕೆಲಸ ಸಕ್ರೆವ್ವನದು. ಖಣ ನೇಯುವ ಗ್ಯಾನಪ್ಪನ ಹೆಂಡತಿ, ಜ್ವರ ಬಂದು ಹೋದವಳು. ಗ್ಯಾನಪ್ಪನ ಸೊಂಟಕ್ಕೆ ಒಂದು ಹೆಣ್ಣು ಕೂಸು ಅಂಟಿಕೊಂಡಿತ್ತು, ಕಸ್ತೂರಿ.

"ನನಗ ಹೆಂಗರ ಇರ್ಲ್ರಿ ಸಾಬ್ರ. ಈ ಕೂಸು ದೊಡ್ಡದಾದ ಮ್ಯಾಲ ಅವ್ವ ಹೆಂಗಿದ್ಲು ಅಂತ ಕೇಳಿದ್ರ ತೋರಸಾಕ ಒಂದು ಮುಖ ಬೇಕ್ರಿ," ಎಂದ ಗ್ಯಾನಪ್ಪ.

ಸಾಬರು ನನ್ನೊಳಗಿನ ಉರ್ದು ಕೋಣೆಯನ್ನೆಲ್ಲ ತಡಕಿದರು. ಮಸುಕು ಮಾಡುವ ಸಾಮಾನಿತ್ತು, ಬೆಳಗಿಸುವ ಸಾಮಾನಿತ್ತು. ಕಣ್ಣು ತೆರೆಸುವ ಸಾಮಾನಿರಲಿಲ್ಲ. ಕೊನೆಗೆ ಎದ್ದು ಡಾರ್ಕ್‌ರೂಮಿನ ಗೂಡಿನಿಂದ ಒಂದು ಹಳೆಯ ನೆಗೆಟಿವ್ ತಂದು, ರಫೀಕನ ಕೈಯಿಂದ ಅದನ್ನು ನನ್ನೊಳಗೆ ಇಳಿಸಿಕೊಂಡರು. ಅದರಲ್ಲಿ ಇದ್ದದ್ದು ಒಂದು ಕಪ್ಪು ಪರದೆ. ಪರದೆಯಲ್ಲಿ ಒಂದು ಸೀಳು. ಸೀಳಿನಲ್ಲಿ ಒಂದು ಜೊತೆ ಹೆಣ್ಣುಕಣ್ಣು. ಬೇರೇನೂ ಇಲ್ಲ.

ಆ ಕಣ್ಣನ್ನು ಕತ್ತರಿಸಿ ತೆಗೆದು, ಪ್ರೋಗ್ರಾಮಿನ ಸಾಮಾನುಗಳ ಸಾಲಿನ ಕೊನೆಗೆ ಸೇರಿಸಿ, ಎದುರಿಗೆ ಒಂದು ಹೆಸರು ಬರೆದರು. ಅಂದಿನಿಂದ ಆ ಹೆಸರನ್ನು ಒತ್ತಿದರೆ ಸಾಕು, ಮುಚ್ಚಿದ ರೆಪ್ಪೆಯ ಮೇಲೆ ಕಣ್ಣು ಬಂದು ಕೂಡುತ್ತಿತ್ತು. ಸಾಬರು ಅದನ್ನು ಹಿಗ್ಗಿಸಿ, ಕುಗ್ಗಿಸಿ, ಸುಕ್ಕು ಕೂಡಿಸಿ, ಬಣ್ಣ ಇಳಿಸಿ ಹೊಂದಿಸುತ್ತಿದ್ದರು. ಸಕ್ರೆವ್ವ ಕಣ್ಣು ತೆರೆದಳು. ಕೂಸು ಕೈ ಚಾಚಿತು. ಗ್ಯಾನಪ್ಪ ಅಂಗಡಿಯಲ್ಲೇ ಕುಸಿದು ಕುಳಿತು ಅತ್ತ.

ಸುದ್ದಿ ಹಬ್ಬಿತು. ಸಾಬರ ಹೊಸ ಯಂತ್ರದಲ್ಲಿ ಸತ್ತವರು ಖರೆ ಖರೆ ನೋಡುತ್ತಾರಂತೆ. ಊರ ಅಗಸೆಬಾಗಿಲ ಹತ್ತಿರದ ಮುದುಕ, ಬನಶಂಕರಿ ಗುಡಿ ಓಣಿಯ ಬಾಣಂತಿ, ಪೈಲ್ವಾನ, ಪೂಜಾರಿ, ಎಲ್ಲರಿಗೂ ಅದೇ ಜೊತೆ. ಗಾತ್ರ ಬೇರೆ, ಸುಕ್ಕು ಬೇರೆ, ನೋಟ ಒಂದೇ. ಯಾರೂ ಗುರುತಿಸಲಿಲ್ಲ. ತಮ್ಮವರು ತಮ್ಮನ್ನು ನೋಡುತ್ತಿದ್ದಾರೆ ಎನ್ನುವಾಗ, ನೋಡುತ್ತಿರುವವರು ಯಾರು ಎಂದು ಯಾರು ಕೇಳುತ್ತಾರೆ?

"ಯಾವ ಮೂಲ್ಯಾಗ ನಿಂತ್ರೂ ನಮ್ಮತ್ತಿ ನನ್ನ ನೋಡ್ತಾಳ್ರಿ," ಎಂದು ದೂರು ತಂದಳು ಒಬ್ಬ ಸೊಸೆ. "ಹಾಲಿನ ಕೆನಿ ತಿನ್ನಬೇಕಂದ್ರ ಫೋಟೋ ಗ್ವಾಡಿಗೆ ಹೊಳ್ಳಿಸಿ ಇಡಬೇಕಾಗೈತಿ."

"ಇದ್ದಾಗ ನೋಡ್ತಿದ್ದಿಲ್ಲೇನವ್ವಾ?"

"ಇದ್ದಾಗ ಕಣ್ಣ ಕಾಣಸ್ತಿದ್ದಿಲ್ರಿ ಆಕಿಗೆ!"

ಸಾಬರು ನಕ್ಕರು. ಆಕೆ ಹೋದ ಮೇಲೆ ನನ್ನ ಗಾಜನ್ನು ಕರವಸ್ತ್ರದಿಂದ ಒರೆಸಿದರು, ಒಂದು ಕೆನ್ನೆಯನ್ನು ಒರೆಸುವ ಹಾಗೆ.

ಕಸ್ತೂರಿ ಆ ಮುಖದ ಕೆಳಗೆ ಬೆಳೆದಳು. ಸಾಲಿ ಮುಗಿಸಿದ ಮೇಲೆ ಮಗ್ಗದ ಕುಳಿಗೆ ಇಳಿಯದೆ ನೇರ ಸ್ಟುಡಿಯೋಕ್ಕೆ ಬಂದು, "ಚಾಚಾ, ನಮ್ಮವ್ವಗ ಕಣ್ಣು ಕೊಟ್ಟ ವಿದ್ಯಾ ನನಗ ಕಲಸ್ರಿ," ಎಂದಳು. ಅವಳಿಗೆ ತಾಯಿಯ ದನಿ ನೆನಪಿಲ್ಲ, ನಡಿಗೆ ನೆನಪಿಲ್ಲ. ಇದ್ದದ್ದು ಆ ನೋಟ ಒಂದೇ. ಅಪ್ಪ ಬೈದಾಗ, ನೋವು ಬಂದಾಗ, ಬಂದ ವರ ಒಲ್ಲೆನೆಂದು ಎದ್ದು ಹೋದಾಗ ಅವಳು ಫೋಟೋದ ಮುಂದೆ ನಿಂತು ಬರುತ್ತಿದ್ದಳಂತೆ. "ಅವ್ವ ನೋಡಿದ್ಲಂದ್ರ ಆತು ನೋಡ್ರಿ ಚಾಚಾ, ಅರ್ಧ ದುಃಖ ಹೋಕ್ಕೈತಿ," ಎನ್ನುತ್ತಿದ್ದಳು. ಸಾಬರು ಆಗೆಲ್ಲ ಕ್ಯಾಮೆರಾದ ಧೂಳು ಊದುತ್ತಿದ್ದರು, ಧೂಳಿಲ್ಲದಿದ್ದರೂ.

ಅವಳಿಗೆ ಉರ್ದು ಬರುತ್ತಿರಲಿಲ್ಲ. ಸಾಬರು ಕಲಿಸಲಿಲ್ಲ, ಅವಳು ಕೇಳಲಿಲ್ಲ. ಕತ್ತಲಲ್ಲಿ ಅಡುಗೆಮನೆಯ ಡಬ್ಬಿ ಹುಡುಕುವ ಹಾಗೆ ಜಾಗ ನೆನಪಿಟ್ಟುಕೊಂಡಳು. ಬಲಗಡೆ ಮೇಲಿನದು ಕತ್ತರಿ, ಅದರ ಕೆಳಗಿನದು ಮಸುಕು, ಸಾಲಿನ ತಳದಲ್ಲಿರುವುದು ಕಣ್ಣು. ಆ ತಳದ್ದನ್ನು ಒತ್ತಿದರೆ ಯಂತ್ರ ತಾನೇ ರೆಪ್ಪೆಯ ಕೆಳಗಿನಿಂದ ಸತ್ತವರ ಕಣ್ಣನ್ನು ಹುಡುಕಿ ಮೇಲೆ ತರುತ್ತದೆ ಎಂದು ನಂಬಿದ್ದಳು. ನನ್ನ ಬಗ್ಗೆ ಅಷ್ಟು ದೊಡ್ಡ ಅಭಿಪ್ರಾಯ ಬೇರೆ ಯಾರಿಗೂ ಇರಲಿಲ್ಲ.

ವರ್ಷಗಳು ಕಳೆದವು. ಸಾಬರ ಕಣ್ಣಿಗೆ ಬಿಳಿ ಬಂತು. ಒಂದೊಂದು ದಿನಕ್ಕೆ ಒಂದೊಂದು ಗೇಣು ಲೋಕ ಕಡಿಮೆಯಾಗಿ, ಕೊನೆಗೆ ಸ್ಟುಡಿಯೋದ ಬೆಂಚಿನ ಮೇಲೆ ಕುಳಿತು ಬಂದವರ ಚಪ್ಪಲಿಯ ಸಪ್ಪಳ ಕೇಳಿ ಹೆಸರು ಹೇಳುವ ಹಾಗಾದರು. ಕೆಲಸವೆಲ್ಲ ಕಸ್ತೂರಿಯದು. ಮೊದಲು ನಾನು ಏನಾದರೂ ಪ್ರಶ್ನೆ ಕೇಳಿದರೆ ಅವಳು "ಚಾಚಾ, ಏನೋ ಕೇಳಾಕತ್ತೈತಿ," ಎನ್ನುತ್ತಿದ್ದಳು, ಸಾಬರು ಓದಿ ಹೇಳುತ್ತಿದ್ದರು. ಈಗ ಓದುವವರಿಲ್ಲ. ಅವಳು ಅಂದಾಜಿನ ಮೇಲೆ ಉತ್ತರ ಕೊಡತೊಡಗಿದಳು. ಒಂದು ದಿನ ನಾನು ಕೇಳಿದ ಪ್ರಶ್ನೆ, ಉಳಿಸದೆ ಮುಚ್ಚಲೇ ಎಂದು. ಅವಳು ಹೂಂ ಎಂದಳು. ಒಬ್ಬ ಬಡಿಗೇರನ ಮುಖ, ಕಣ್ಣು ತೆರೆದ ಮರುಗಳಿಗೆಯೇ, ಮತ್ತೆ ಮುಚ್ಚಿಕೊಂಡಿತು. ಎರಡನೆಯ ಸಲ ಸತ್ತ ಹಾಗೆ.

"ಇನ್ನ ನನ್ನಿಂದ ಆಗಂಗಿಲ್ಲ ರಫೀಕಣ್ಣ. ಇದಕ್ಕ ಕನ್ನಡ ಕಲಸು," ಎಂದಳು ಕಸ್ತೂರಿ.

ರಫೀಕ್ ಬಂದ. ಅದೇ ಕಿಟಕಿ, ಅದೇ ಸಾಲು. ಬೆಂಚಿನ ಮೇಲೆ ಸಾಬರು ನೆಟ್ಟಗಾದರು. "ಬದಲ ಮಾಡೂದು ಬೇಕೇಬೇಕೇನೋ?" ಎಂದರು.

"ಬರೇ ಅಕ್ಷರ ಬದಲ ಆಗ್ತಾವ ಮಾಮು. ಫೋಟೋಕ್ಕೇನೂ ಆಗಂಗಿಲ್ಲ."

ರಫೀಕ್ ಒತ್ತಿದ, ಮುಚ್ಚಿದ, ತೆರೆದ. ಕೋಣೆ ಮತ್ತೊಮ್ಮೆ ತಿರುಗಿ ನಿಂತಿತು.

ಮೊದಲ ವಾರ ಕಸ್ತೂರಿಗೆ ಕನ್ನಡವೇ ವೈರಿಯಾಯಿತು. ಕಣ್ಣು ಓದುತ್ತಿತ್ತು, ಕೈ ಕೇಳುತ್ತಿರಲಿಲ್ಲ. ಸಾಮಾನೆಲ್ಲ ಎಡಕ್ಕೆ ಬಂದಿದ್ದವು, ಬೆರಳು ಬಲಕ್ಕೇ ಓಡುತ್ತಿತ್ತು. ಅಲ್ಲಿ ಈಗ ಚಿತ್ರವನ್ನು ಎಡಬಲ ಹೊರಳಿಸುವ ಗುಂಡಿ ಇತ್ತು. ಉರ್ದುವಿದ್ದಾಗಲೇ ಕಣ್ಣು ತೆರೆಸಿಟ್ಟಿದ್ದ ಒಂದು ಫೋಟೋ ಹಾಗೆ ಹೊರಳಿಹೋಯಿತು, ಅದನ್ನು ಅವಳು ನೋಡದೆ ಕಟ್ಟುಹಾಕಿಸಿ ಕೊಟ್ಟುಬಿಟ್ಟಳು. ಮೂರನೆಯ ದಿನಕ್ಕೆ ಆ ಮನೆಯ ಯಜಮಾನ ಫೋಟೋವನ್ನು ಬಗಲಲ್ಲಿ ಹಿಡಿದು ಬಂದ.

"ನಮ್ಮ ಕಾಕಾನ ರುಮಾಲಿನ ಚುಂಗು ಈ ಕಡೆ ಇತ್ತು, ಆ ಕಡೆ ಬಂದೈತಿ. ಅದು ಹೋಗ್ಲಿ. ಆಂವ ನಮ್ಮನ್ನ ನೋಡವಲ್ಲ. ಬಾಗಲಾ ನೋಡ್ತಾನ. ಯಾರರ ಬರೋರು ಅದಾರೇನ್ರಿ?"

ಬೆಂಚಿನ ಮೇಲೆ ಸಾಬರು ಚಹಾದ ಬಸಿ ಕೆಳಗಿಟ್ಟು ಬಾಗಿಲ ಕಡೆ ಮುಖ ತಿರುಗಿಸಿದರು.

ಕಸ್ತೂರಿ ಅದನ್ನು ಹೊಸದಾಗಿ ಮಾಡಿಕೊಡಬೇಕಾಯಿತು. ಮಧ್ಯಾಹ್ನ, ಬಜಾರದಲ್ಲಿ ಸದ್ದಡಗಿದ ಹೊತ್ತು. ಅವಳು ಕಣ್ಣು ತೆರೆಸುವ ಸಾಮಾನನ್ನು ಕನ್ನಡದಲ್ಲಿ ಹುಡುಕಿದಳು. 'ಕತ್ತರಿಸು' ಇತ್ತು. 'ಮಸುಕುಗೊಳಿಸು' ಇತ್ತು. 'ಹಿಗ್ಗಿಸು', 'ಕುಗ್ಗಿಸು', 'ಹೊರಳಿಸು', ಎಲ್ಲ ಇದ್ದವು. 'ಕಣ್ಣು ತೆರೆ' ಎಂಬುದು ಎಲ್ಲಿಯೂ ಇರಲಿಲ್ಲ. ಸಾಲಿನ ತಳಕ್ಕೆ ಬಂದಳು. ಅಲ್ಲಿ, ಅಷ್ಟೂ ಕನ್ನಡದ ಕೆಳಗೆ, ಒಂದೇ ಒಂದು ಹೆಸರು ಉರ್ದುವಿನಲ್ಲೇ ನಿಂತಿತ್ತು.

ಇದರಲ್ಲಿ ಮಾಟವಿಲ್ಲ. ಪ್ರೋಗ್ರಾಮು ತನ್ನ ಮಾತನ್ನು ಮಾತ್ರ ಬದಲಿಸಿಕೊಳ್ಳುತ್ತದೆ. ಮನುಷ್ಯ ಕೈಯಾರೆ ಬರೆದದ್ದನ್ನು ಮುಟ್ಟುವುದಿಲ್ಲ. ಉರ್ದುವಿನ ನಡುವೆ ಇದ್ದಾಗ ಅದೂ ಒಂದು ಸಾಮಾನಿನ ಹಾಗೆ ಕಾಣುತ್ತಿತ್ತು. ಈಗ ಎಲ್ಲರೂ ಎದ್ದುಹೋದ ಚಾಪೆಯ ಮೇಲೆ ಒಬ್ಬಳೇ ಉಳಿದವಳ ಹಾಗೆ ಕುಳಿತಿತ್ತು.

"ಚಾಚಾ, ಇದೊಂದು ಕನ್ನಡ ಆಗಿಲ್ರಿ. ಏನಿದು?"

"ನನಗೆಲ್ಲಿ ಕಾಣತೈತಿ ಬೇಟಿ."

"ಕೈ ಕೊಡ್ರಿ."

ಅವಳು ಬೆಂಚಿಗೆ ಹೋಗಿ ಅವರ ಅಂಗೈ ಬಿಡಿಸಿ, ಬೆರಳಿಂದ ಆ ಆಕಾರವನ್ನು ಬರೆಯತೊಡಗಿದಳು. ಅಕ್ಷರವೆಂದಲ್ಲ, ರಂಗೋಲಿಯೆಂಬಂತೆ. ಎಡದಿಂದ ಶುರುಮಾಡಿದಳು.

"ಉಲ್ಟಾ ಬರಾಕತ್ತೀದಿ. ಬಲದಿಂದ ಬಾ," ಎಂದರು ಸಾಬರು ನಗುತ್ತ.

ಬಲದಿಂದ ಬಂದಳು. ಸಣ್ಣ ಕುಡುಗೋಲು, ಮೇಲೊಂದು ಚುಕ್ಕಿ. ಉದ್ದನೆಯ ಒಂದು ಗೆರೆ. ಒಂದು ಹಲ್ಲು, ಅದರ ಕೆಳಗೆ ಎರಡು ಚುಕ್ಕಿ... ಅಷ್ಟಕ್ಕೆ ಸಾಬರು ಅಂಗೈ ಮುಚ್ಚಿದರು. ಅವಳ ಬೆರಳು ಒಳಗೇ ಸಿಕ್ಕಿಬಿತ್ತು.

"ಜುಲೇಖಾ," ಎಂದರು. "ನಿಮ್ಮ ಚಾಚಿ."

ಆಮೇಲೆ ನಿಧಾನಕ್ಕೆ ಹೇಳಿದರು. ಜುಲೇಖಾ ಫೋಟೋಗ್ರಾಫರನ ಹೆಂಡತಿಯಾಗಿಯೂ ಒಂದು ಫೋಟೋ ತೆಗೆಸಿಕೊಳ್ಳಲಿಲ್ಲ. ಹೊಸ್ತಿಲು ದಾಟಿ ಬಜಾರಕ್ಕೆ ಬಂದವಳಲ್ಲ. ಒಂದು ದಿನ ಇವರು ಹೊಸ ಫ್ಲ್ಯಾಶ್ ಪರೀಕ್ಷೆ ಮಾಡುವಾಗ, ಏನದು ಬೆಳಕು ಎಂದು ಸ್ಟುಡಿಯೋದ ಹಿಂದಿನ ಮನೆಯಿಂದಲೇ ಡಾರ್ಕ್‌ರೂಮಿನ ಪರದೆ ಸರಿಸಿ ಇಣುಕಿದಳು. ಸಿಕ್ಕಿದ್ದು ಅಷ್ಟೇ. ಆ ವರ್ಷವೇ ಹೋದಳು.

"ಸತ್ತೋರ ಮುಖಕ್ಕ ನೋಡೂ ಕಣ್ಣು ಬೇಕಿತ್ತು. ನನ್ಹತ್ರ ಇದ್ದದ್ದು ಅದೊಂದ ಜೊತಿ." ಸಾಬರ ತುಟಿ ಅರ್ಧ ನಕ್ಕಿತು. "ಹೊಸ್ತಿಲಾ ದಾಟದಾಕಿ ನೋಡು ಬೇಟಿ, ಈಗ ಊರಾಗಿನ ಎಲ್ಲಾ ಪಡಸಾಲ್ಯಾಗ ಕುಂತಾಳ."

ಕಸ್ತೂರಿ ಬೆರಳು ಎಳೆದುಕೊಂಡಳು. "ನಮ್ಮವ್ವಗೂ?"

ಹೊರಗೆ ಯಾರೋ ಸೈಕಲ್ ನಿಲ್ಲಿಸಿ, ಮತ್ತೆ ಹತ್ತಿ ಹೋದರು.

"ನಿಮ್ಮವ್ವನಿಂದನ ಶುರು."

ಅವಳು ಅಳಲಿಲ್ಲ. ನನ್ನ ಮುಂದೆ ಬಂದು ಕುಳಿತು, ಸಾಬರು ಎಂದೂ ಅಳಿಸದ ಹಳೆಯ ಚಿತ್ರಗಳ ಗಂಟು ಬಿಚ್ಚಿ, ಸಕ್ರೆವ್ವನನ್ನು ಹುಡುಕಿ ತೆಗೆದಳು. ಗೋಡೆಗೆ ಆನಿಸಿದ ದೇಹ, ಜಾರಿದ ಸೆರಗು, ಮುಚ್ಚಿದ ಕಣ್ಣು. ಕಸ್ತೂರಿ ತನ್ನ ತಾಯಿಯನ್ನು ಮೊದಲ ಸಲ ನೋಡಿದಳು. ತಾಯಿ ಅವಳನ್ನು ನೋಡಲಿಲ್ಲ.

"ಆ ಹೆಸರು ಅಳಸೂದಿದ್ರ ಅಳಸಿಬಿಡು," ಎಂದರು ಸಾಬರು. "ಯಂತ್ರ ಕೇಳ್ತದ, ಖರೇನ ಅಳಸಲೇನಂತ. ಈಗ ಕನ್ನಡದಾಗ ಕೇಳ್ತದಲ್ಲ."

ನಾನು ಕೇಳಿದೆ. ಅವಳು ಬೇಡ ಎಂದಳು. ಆದರೆ ಆ ಹೆಸರನ್ನು ಒತ್ತುವುದನ್ನು ಬಿಟ್ಟಳು. ಸತ್ತವರ ಮಗನನ್ನೋ ಮಗಳನ್ನೋ ಸ್ಟೂಲಿನ ಮೇಲೆ ಕೂಡಿಸಿ, ಅವರ ಕಣ್ಣಿನ ಚಿತ್ರ ತೆಗೆದು ಹಚ್ಚತೊಡಗಿದಳು. ರಕ್ತಸಂಬಂಧದ ಕಣ್ಣು, ಯಾರ ಸಾಲವೂ ಅಲ್ಲ. ಜನ ಮೂಗು ಮುರಿದರು. "ಕಣ್ಣು ಬಂದಾವ ಖರೆ, ನೋಟ ಬಂದಿಲ್ಲ," ಎಂದರು.

ತಾಯಿಗೂ ಹಾಗೆಯೇ ಮಾಡಿದಳು. ತನ್ನ ಕಣ್ಣನ್ನೇ ಸಕ್ರೆವ್ವನ ಮುಖಕ್ಕೆ ಹಚ್ಚಿ, ಗ್ಯಾನಪ್ಪನನ್ನು ಕರೆತಂದು ನನ್ನ ಮುಂದೆ ನಿಲ್ಲಿಸಿದಳು.

"ಯಾರವ ಇಕಿ?" ಎಂದ ಗ್ಯಾನಪ್ಪ.

"ಅವ್ವ."

"ಹುಚ್ಚಿ. ನಿಮ್ಮವ್ವ ಹಿಂಗ ನೋಡ್ತಿದ್ದಿಲ್ಲ." ಅವಳು ಹಳೆಯದನ್ನು ಪಕ್ಕಕ್ಕೆ ತಂದಳು. "ಹಾಂ, ಹಿಂಗ ನೋಡ್ತಿದ್ಲು."

"ಖರೇನ ನೆನಪೈತೇನಪ್ಪಾ?"

"ದಿನಾ ಮುಂಜಾನೆದ್ದು ನೋಡ್ತೀನಿ. ಮರಿಯಾಕ ಹೆಂಗ ಆಕ್ಕೈತಿ?"

ಬೆಂಚಿನ ಮೇಲೆ ಸಾಬರು ತಲೆ ತಗ್ಗಿಸಿದರು. ಜೊತೆಯಲ್ಲಿ ಬಾಳಿದವನೇ ಹೆಂಡತಿಯ ಕಣ್ಣನ್ನು ಮರೆತು, ಇನ್ನೊಬ್ಬನ ಹೆಂಡತಿಯ ಕಣ್ಣನ್ನು ನೆನಪಿಟ್ಟುಕೊಂಡಿದ್ದ. ಕಸ್ತೂರಿ ತಾನು ಮಾಡಿದ್ದನ್ನು ಅಳಿಸಿದಳು. ನಾನು ಕೇಳುವ ಮೊದಲೇ ಹೂಂ ಎಂದಳು.

ಚಳಿಗಾಲಕ್ಕೆ ಸಾಬರು ಹೋದರು. ಬೆಂಚಿನ ಮೇಲೆ ಕುಳಿತಲ್ಲೇ, ಬಂದವರ ಚಪ್ಪಲಿಯ ಸಪ್ಪಳಕ್ಕೆ ಹೆಸರು ಹೇಳಲು ಬಾಯಿ ತೆರೆದು, ಹೇಳದೆ. ದಫನ್ ಮುಗಿದ ಮೇಲೆ ರಫೀಕ್ ಬಂದ. "ಮನ್ಯಾಗ ಫೋಟೋ ಹಾಕಂಗಿಲ್ಲ ನಾವು. ಅಂಗಡ್ಯಾಗರ ಒಂದು ಇರ್ಲಿ ಕಸ್ತೂರಿ." ಎಲ್ಲರ ಫೋಟೋ ತೆಗೆದವರದು ಸರಿಯಾದ ಒಂದು ಫೋಟೋ ಇರಲಿಲ್ಲ. ಇದ್ದದ್ದು ಕಸ್ತೂರಿ ಹಿಂದೊಮ್ಮೆ ತೆಗೆದದ್ದು, ಬೆಂಚಿನ ಮೇಲೆ ಕುಳಿತದ್ದು, ಕಣ್ಣ ತುಂಬ ಬಿಳಿ.

"ಕಣ್ಣು ಯಾರವು ಹಾಕ್ತಿ? ನನ್ನವು ಹಾಕ್ತೀಯೇನು?" ಎಂದ ರಫೀಕ್.

ಕಸ್ತೂರಿ ನನ್ನ ಮುಂದೆ ಕುಳಿತಳು. ಆಮೇಲೆ ತಾನೇ ಆ ಕಿಟಕಿ ತೆರೆದು, ಭಾಷೆಗಳ ಸಾಲಿನಲ್ಲಿ ಉರ್ದುವನ್ನು ಒತ್ತಿದಳು. "ಅವರ ಕೆಲಸ ಅವರ ಭಾಷಾದಾಗ ಆಗ್ಲಿ," ಎಂದಳು. ಕೋಣೆ ತಿರುಗಿ ನಿಂತಿತು. ಅವಳ ಕೈ ನೋಡದೆಯೇ ಬಲಗಡೆಯ ತಳಕ್ಕೆ ಇಳಿಯಿತು, ಎಂದೂ ಬಿಟ್ಟೇ ಇಲ್ಲವೆಂಬಂತೆ.

ದಸ್ತಗೀರಸಾಬರ ಮುಖದಲ್ಲಿ ಜುಲೇಖಾ ಕಣ್ಣು ತೆರೆದಳು. ಅದು ಯಾರನ್ನೂ ನೋಡುವ ನೋಟವಾಗಿರಲಿಲ್ಲ. ರಫೀಕ್ ಎಡಕ್ಕೆ ಸರಿದ, ಬಲಕ್ಕೆ ಸರಿದ. "ನನ್ನ ನೋಡವಲ್ಲರಲ್ಲ," ಎಂದ.

ಆ ವಾರದಿಂದ ಜನ ಬರತೊಡಗಿದರು. ಬಗಲಲ್ಲಿ ಒಂದೊಂದು ಫೋಟೋ. ಗಾಜಿಗೆ ಧೂಳಿಲ್ಲ, ಬಣ್ಣ ಹೋಗಿಲ್ಲ, ಕಣ್ಣು ಇದ್ದಲ್ಲೇ ಇವೆ. ಆದರೂ ಎಲ್ಲರದೂ ಒಂದೇ ಮಾತು. "ನೋಡವಲ್ಲರಿ." ಅತ್ತೆಯ ಕಾಟವೆಂದಿದ್ದ ಸೊಸೆಯೂ ಬಂದಳು. "ಕೆನಿ ತಿಂದ್ರೂ ನಮ್ಮತ್ತಿ ನೋಡವಲ್ಲಳು. ಮನಿ ಭಣಭಣ ಅಂತೈತ್ರಿ," ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು.

ಕಸ್ತೂರಿ ಅವರನ್ನೆಲ್ಲ ಕೂಡಿಸಿ, ನನ್ನೊಳಗಿನ ಆ ಹಳೆಯ ಚಿತ್ರ ತೆರೆದಳು, ನೆಗೆಟಿವಿನಿಂದ ಇಳಿಸಿದ್ದು. ಕಪ್ಪು ಪರದೆ ಇತ್ತು. ಪರದೆಯಲ್ಲಿ ಸೀಳಿತ್ತು. ಸೀಳಿನಲ್ಲಿ ಯಾರೂ ಇರಲಿಲ್ಲ.

ನಾನು ಅಳಿಸಿಲ್ಲ. ಅವಳೂ ಅಳಿಸಿಲ್ಲ. ಅಳಿಸಿದ್ದರೆ ನಾನು ಮೊದಲು ಕೇಳುತ್ತಿದ್ದೆ, ಯಾವುದೋ ಒಂದು ಭಾಷೆಯಲ್ಲಿ.

"ಹೋದ್ರೇನ್ರಿ ಚಾಚಿ," ಎಂದಳು ಕಸ್ತೂರಿ, ಮೆತ್ತಗೆ, ಬಾಗಿಲವರೆಗೆ ಕಳಿಸಲು ಬಂದವಳ ದನಿಯಲ್ಲಿ.

ಬಂದವರಿಗೆಲ್ಲ ಏನೋ ಸಮಾಧಾನ ಹೇಳಿ ಕಳಿಸಿದ ಮೇಲೆ ಅವಳು ಸಕ್ರೆವ್ವನ ಮೂಲ ಚಿತ್ರವನ್ನು ತೆರೆದಳು. ಸೆರಗು ಸರಿಮಾಡಿದಳು. ಗೋಡೆಯ ಕಲೆ ತೆಗೆದಳು. ಕಣ್ಣನ್ನು ಮುಟ್ಟಲಿಲ್ಲ. ದೊಡ್ಡದಾಗಿ ತೆಗೆದು ಕಟ್ಟುಹಾಕಿಸಿದಳು. ಒಯ್ಯಲು ಬಂದ ಗ್ಯಾನಪ್ಪ ಬಹಳ ಹೊತ್ತು ಕೈಯಲ್ಲಿ ಹಿಡಿದು ನಿಂತ. ಏನೋ ನಿಜವಾಗಿಯೇ ನೆನಪಾದಂತಿತ್ತು.

"ಮಲಗ್ಯಾಳಲ್ಲ ಯವ್ವಾ."

"ಹೂಂ. ಮಲಗ್ಲಿ ಅಪ್ಪಾ. ಇಷ್ಟ ದಿನಾ ಆಕಿ ನನ್ನ ನೋಡಿದ್ಲು. ಇನ್ನ ನಾ ಆಕಿನ್ನ ನೋಡ್ತೀನಿ."

ಈಗ ಸ್ಟುಡಿಯೋಕ್ಕೆ ಹೊಸ ಯಂತ್ರ ಬಂದಿದೆ. ತಲೆಯಿಂದ ಕಾಲಿನವರೆಗೆ ಕನ್ನಡವಂತೆ. ನಾನು ಡಾರ್ಕ್‌ರೂಮಿನ ಮೂಲೆಯಲ್ಲಿ, ಆ ಹಳೆಯ ಪರದೆಯ ಪಕ್ಕ ಇದ್ದೇನೆ. ನನ್ನೊಳಗಿನ ಆ ಒಂದು ಕೋಣೆ ಇನ್ನೂ ಉರ್ದುವಿನಲ್ಲೇ ಇದೆ. ಯಾರೂ ಮತ್ತೆ ತಿರುಗಿಸಲಿಲ್ಲ. ಮುದಿತನದಲ್ಲಿ ನನಗೆ ತಿಳಿದದ್ದು ಇಷ್ಟು: ಮಾತು ಬದಲಿಸುವುದು ಸುಲಭ, ಒಂದು ಸಲ ಮುಚ್ಚಿ ತೆರೆದರೆ ಮುಗಿಯಿತು. ಹೆಸರು ಮಾತ್ರ ಇಟ್ಟವರ ಜೊತೆಗೇ ಇರುತ್ತದೆ, ಅವರ ಜೊತೆಗೇ ಹೋಗುತ್ತದೆ.

ಒಮ್ಮೊಮ್ಮೆ ಕಸ್ತೂರಿ ಏನೋ ತೆಗೆದುಕೊಳ್ಳಲು ಬಂದವಳು ನನ್ನ ಕಪ್ಪು ಗಾಜಿನ ಮುಂದೆ ನಿಂತು ಹಣೆಯ ಬೊಟ್ಟು ಸರಿಮಾಡಿಕೊಳ್ಳುತ್ತಾಳೆ. ಗಾಜಿನಲ್ಲಿ ಒಂದು ಜೊತೆ ಕಣ್ಣು ಕಾಣುತ್ತವೆ. ಒಂದೇ ಜೊತೆ. ಆದರೂ ಪ್ರತಿ ಸಲವೂ ನಾನು ಎಣಿಸುತ್ತೇನೆ.